ಫೈರ್ ಗಾಡಿಯ ಇಂಜಿನ್ನು

ಹೈದರಾಬಾದಿನಲ್ಲಿ ವ್ಯಾಪಾರ ಮಾಡುವವನ ಬಾಯಲ್ಲಿ ಮೂರು ಖಾನೆ ಇರಬೇಕು ಎಂಬುದು ಕುಷಾಯಿಗೂಡದ ಮಾಣಿಕಪ್ಪನ ನಂಬಿಕೆ. ತೆಲುಗು ಗಿರಾಕಿಗೆ ಮತ್ತು ಪೊಲೀಸರಿಗೆ. ಹಿಂದಿ ಸುಳ್ಳು ಹೇಳಲಿಕ್ಕೆ, ಸುಳ್ಳು ಕೇಳಲಿಕ್ಕೆ. ಕನ್ನಡ ಮಾತ್ರ ಖರೇ ಮಾತಿಗೆ. ಅದನ್ನು ಹೆಂಡತಿ, ಮಗಳು, ಅಳಿಯ, ದೇವರು ಇಷ್ಟು ಮಂದಿಯ ಹತ್ತಿರ ಬಿಟ್ಟರೆ ಎಲ್ಲೂ ಖರ್ಚು ಮಾಡಬಾರದು.

ಮಾನ್ವಿ ಕಡೆಯ ಹಳ್ಳಿಯಿಂದ ಗಾರೆ ಕೆಲಸದ ತಂಡದ ಜೊತೆ ಬಂದವನು ಆತ. ಸರ್ಕಾರಿ ಕಾರ್ಖಾನೆಯ ಕ್ವಾರ್ಟರ್ಸ್ ಏಳುವಾಗ ಇಟ್ಟಿಗೆ ಹೊತ್ತ. ಇಟ್ಟಿಗೆ ಹೊತ್ತವನಿಗೆ ಕೂಲಿ, ಕೆಳಗೆ ಬಿದ್ದ ಕಬ್ಬಿಣ ಹೆಕ್ಕಿದವನಿಗೆ ಲಾಭ ಎಂಬುದನ್ನು ಬೇಗ ಕಂಡುಕೊಂಡ. ಕಬ್ಬಿಣದಿಂದ ಹಳೆಯ ಮೋಟಾರಿಗೆ, ಮೋಟಾರಿನಿಂದ ಪಂಪಿಗೆ, ಪಂಪಿನಿಂದ ಜನರೇಟರಿಗೆ ಬಡ್ತಿ ಪಡೆದ. ಈಗ ತಗಡಿನ ಶೆಡ್ಡೊಂದಿದೆ, ಅದರ ಮೇಲೆ ಮೂರು ಲಿಪಿಯಲ್ಲೂ ತಪ್ಪಾಗಿ ಬರೆದ ಬೋರ್ಡಿದೆ. ಹಳೇ ಸಾಮಾನು ಮಾರುವವನಿಗೆ ದಿನಾ ಹೊಸ ಸುಳ್ಳು ಬೇಕು. ಮಾಣಿಕಪ್ಪನ ಹತ್ತಿರ ಅದರ ದಾಸ್ತಾನಿಗೆ ಎಂದೂ ಕೊರತೆಯಾಗಿರಲಿಲ್ಲ.

ಕೋಠಿಯ ಸೀರೆ ಅಂಗಡಿಯಲ್ಲಿ ಹೆಂಡತಿ ಯಂಕಮ್ಮನ ಜೊತೆ ಅವನು ನಡೆಸುವ ವ್ಯವಹಾರವನ್ನು ನೋಡಬೇಕು. ಅಂಗಡಿಯವನು ಸೀರೆ ಹರವಿದರೆ, ಮಾಣಿಕಪ್ಪ ದೇವರ ಮುಂದೆ ನಿಂತವನಂತೆ ಮುಗುಳ್ನಗುತ್ತ, "ಒಂದ ಸಲ ಒಗದ್ರ ಬಣ್ಣ ಬಿಡತೈತಿ. ಅಂಚು ಮಾತ್ರ ಚೊಲೊ ಐತಿ. ಮಾರಿ ಸಿಂಡರಿಸಿ ಎದ್ದ ಹೋಗೂವಂಗ ಮಾಡು, ಇಳಿಸ್ತಾನ" ಅನ್ನುತ್ತಿದ್ದ. ಅಂಗಡಿಯವನು ಅದನ್ನು ಹೊಗಳಿಕೆ ಎಂದು ತಿಳಿದು ತಾನೂ ನಗುತ್ತಿದ್ದ. ಮಾನ್ವಿ, ಸಿಂಧನೂರು, ಯಾದಗಿರಿ ಕಡೆಯಿಂದ ಬಂದವರೆಲ್ಲ ಈ ಊರಲ್ಲಿ ಹೀಗೇ ವ್ಯಾಪಾರ ಮಾಡುವುದು. ಗುಟ್ಟು ಹೇಳಲಿಕ್ಕೆ ಬಾಗಿಲ ಹೊರಗೆ ಹೋಗುವುದಿಲ್ಲ, ಎದುರಿಗೇ ಹೇಳುತ್ತಾರೆ.

ಅಂಥ ಮಾಣಿಕಪ್ಪನಿಗೆ ಆ ಶನಿವಾರ ಮುಂಜಾನೆ ಚಹಾ ರುಚಿಸಲಿಲ್ಲ. ಅಳಿಯ ಹುಲಗೇಶನ ನೀರಿನ ಟ್ಯಾಂಕರು ರಸ್ತೆಯಲ್ಲೇ ಪ್ರಾಣ ಬಿಟ್ಟಿತ್ತು. ಇಂಜಿನ್ನಿನೊಳಗೆ ರಾಡು ಮುರಿದು, ಬ್ಲಾಕಿನ ಪಕ್ಕೆ ಸೀಳಿಕೊಂಡು ಹೊರಗೆ ಇಣುಕಿತ್ತು. ಜೀಡಿಮೆಟ್ಲಾದ ಒಂದು ಕಾರ್ಖಾನೆಗೆ ನೀರು ಹಾಕುವ ಕೆಲಸ ಹುಲಗೇಶನದು. ಬೇಸಿಗೆ ಬೇರೆ. ಅಲ್ಲಿಯ ಸೂಪರ್‌ವೈಜರ್ ಫೋನಿನಲ್ಲಿ ಹೆಚ್ಚು ಮಾತಾಡಿರಲಿಲ್ಲ: ಸೋಮವಾರ ಮುಂಜಾನೆ ಟ್ಯಾಂಕರು ಗೇಟಿನ ಮುಂದಿರಬೇಕು, ಇಲ್ಲವಾದರೆ ಬೇರೆ ಟ್ಯಾಂಕರಿಗೆ ಕೆಲಸ. ಆ 'ಬೇರೆ ಟ್ಯಾಂಕರು' ಆಗಲೇ ಗೇಟಿನ ಬೇವಿನ ಮರದ ಕೆಳಗೆ ನಿಂತು ಕಾಯುತ್ತಿತ್ತು.

ಹೊಸ ಇಂಜಿನ್ನಿನ ಮಾತೇ ಇಲ್ಲ. ಹಳೆಯದೊಂದನ್ನು ಶನಿವಾರವೇ ಕೊಳ್ಳಬೇಕು, ಆದಿತವಾರ ಮೆಕ್ಯಾನಿಕ್ ಮಲ್ಲು ಅದನ್ನು ಕೂರಿಸಬೇಕು. ಕೊಂಡದ್ದು ಕೆಟ್ಟದ್ದಾದರೆ ಇನ್ನೊಂದಕ್ಕೆ ಶಕ್ತಿಯಿಲ್ಲ. ಟ್ಯಾಂಕರು ಗುಜರಿಗೆ, ಹುಲಗೇಶ ಮತ್ತೆ ಇನ್ನೊಬ್ಬರ ಗಾಡಿಗೆ ಡ್ರೈವರು. ಮಗಳು ಗುರುದೇವಿ ಫೋನು ಮಾಡಿ, "ಅಪ್ಪಾ, ನೀ ಜೋಡಿ ಹೋಗು. ಇವ್ರು ಯಾರು ಏನ ಹೇಳಿದ್ರೂ ನಂಬ್ತಾರ" ಅಂದಿದ್ದಳು. ಹುಲಗೇಶ ಅಳಿಯನಷ್ಟೇ ಅಲ್ಲ, ಅಕ್ಕನ ಮಗನೂ ಹೌದು. ಹಾಗಾಗಿ ಮಾಣಿಕಪ್ಪನಿಗೆ ಅವನನ್ನು ಎರಡು ಕಡೆಯಿಂದಲೂ ಬೈಯುವ ಹಕ್ಕಿತ್ತು.

ಇಂಜಿನ್ನು ಇದ್ದದ್ದು ಜೀಡಿಮೆಟ್ಲಾದ ಹಿಂದಿನ ಗಲ್ಲಿಯಲ್ಲಿ, ಚಂದ್ರಕಾಂತ ಸೇಠ್ ಎಂಬುವನ ಶೆಡ್ಡಿನಲ್ಲಿ. ಕಬ್ಬಿಣದ ಸ್ಟ್ಯಾಂಡಿನ ಮೇಲೆ, ಹೊಸ ಹಸಿರು ಬಣ್ಣ ಹೊಡೆಸಿಕೊಂಡು, ಕನ್ಯೆ ನೋಡಲು ಬಂದವರ ಮುಂದೆ ಕೂತಂತೆ ಕೂತಿತ್ತು. ಪಕ್ಕದಲ್ಲಿ ನೀರಿನ ಡ್ರಮ್ಮು, ಅದರಿಂದ ಇಂಜಿನ್ನಿಗೆ ಹೋಗುವ ಮತ್ತು ಬರುವ ಎರಡು ಪೈಪು, ಡ್ರಮ್ಮಿನ ಮೇಲೆ ಗೋಣಿಚೀಲ. ಚಂದ್ರಕಾಂತ ದುಂಡು ಮುಖದ, ಅವಸರವಿಲ್ಲದ ಮನುಷ್ಯ. ಹಿಂದಿಯಲ್ಲಿ ಶುರು ಮಾಡಿದ.

"ಚಾಚಾ, ಇದು ಫೈರ್ ಗಾಡಿಯ ಇಂಜಿನ್ನು. ಬೆಂಕಿ ಬಿದ್ದಾಗ ಮಾತ್ರ ಓಡಿದ್ದು. ಊರಿಗೆ ದಿನಾ ಬೆಂಕಿ ಬೀಳುತ್ತದೆಯೇ? ವರ್ಷವೆಲ್ಲ ನೆರಳಲ್ಲಿ ನಿಂತ ಗಾಡಿ. ಸೀಲ್ ಬಂದ್ ಮಾಲು, ಇವತ್ತಿನ ತನಕ ಒಂದು ಬೋಲ್ಟು ಬಿಚ್ಚಿಲ್ಲ."

ಹುಲಗೇಶನ ಕಣ್ಣು ಅರಳಿದವು. ಮಾಣಿಕಪ್ಪ ಇಂಜಿನ್ನಿನ ಮೈಮೇಲೆ ಅಂಗೈ ಇಟ್ಟ. ಬೆಚ್ಚಗಿತ್ತು. ಹಳೇ ಇಂಜಿನ್ನು ತಣ್ಣಗಿದ್ದಾಗ ಎಬ್ಬಿಸಬೇಕು. ಆಗ ಅದರ ನಿಜವಾದ ಕೆಮ್ಮು ಗೊತ್ತಾಗುತ್ತದೆ. ಅವನು ತಾನೂ ಎಷ್ಟೋ ಜನರೇಟರುಗಳನ್ನು ಗಿರಾಕಿ ಬರುವ ಮೊದಲು ಬೆಚ್ಚಗೆ ಮಾಡಿ ಕೂರಿಸಿದವನೇ. ಮುಖ ಬದಲಿಸದೆ ಕನ್ನಡದಲ್ಲಿ ಹೇಳಿದ, "ನಾವು ಬರೂದ್ರೊಳಗ ಒಮ್ಮಿ ಓಡಿಸ್ಯಾನ. ಮೈ ಬಿಸಿ ಐತಿ."

ಚಂದ್ರಕಾಂತ ಕೈಯ ಎಣ್ಣೆ ಒರೆಸಿಕೊಳ್ಳುತ್ತ, "ಮುಂಜಾನೆ ಇನ್ನೊಂದು ಪಾರ್ಟಿ ಬಂದಿತ್ತು ಚಾಚಾ, ಅವರಿಗೆ ಓಡಿಸಿ ತೋರಿಸಿದೆ" ಅಂದ.

ಇರಬಹುದು ಅಂದುಕೊಂಡ ಮಾಣಿಕಪ್ಪ. ಬಗ್ಗಿ ಇಂಜಿನ್ನಿನ ನಂಬರು ನೋಡಿದ. ಹಳೆಯ ಅಚ್ಚು, ಹೊಸ ಸುತ್ತಿಗೆಯ ಗುರುತಿಲ್ಲ. ಕಾಗದಕ್ಕೂ ತಾಳೆಯಾಯಿತು. ಕಳವಿನ ಮಾಲಲ್ಲ. ಎದ್ದು ನಿಂತು, "ನಂಬರ್ ಬರೋಬ್ಬರಿ ಐತಿ. ಆದ್ರ ಫೈರ್ ಗಾಡಿ ಅಂದ್ರ ನಿಂತಲ್ಲೇ ತಾಸುಗಟ್ಲೆ ಪಂಪ್ ತಿರವತೈತಿ. ಮೀಟರಿಗೆ ಕಾಣಲಾರದ ದುಡಿತ ಅದು" ಅಂದ.

"ಹಂಗಾರ ಬ್ಯಾಡೇನ್ ಮಾವಾ?" ಹುಲಗೇಶನ ದನಿ ಕುಸಿಯಿತು. "ಸೋಮವಾರ ಗಾಡಿ ಹೋಗ್ಲಿಲ್ಲಂದ್ರ ನಂದು ಮುಗೀತು. ಇಡೀ ಊರ ತಿರುಗೀನಿ, ನಮ್ಮ ಗಾಡಿಗೆ ಕೂಡೂದು ಇದೊಂದ ಸಿಕ್ಕೈತಿ."

"ಬಾಯಿ ಬಿಗಿ ಹಿಡಿ. ಕೊಳ್ಳಾಕ ಬಂದಾಂವ ಅಳಬಾರದು."

ಚಂದ್ರಕಾಂತ ಡ್ರಮ್ಮಿನ ಗೋಣಿಚೀಲ ಸರಿಪಡಿಸಿದ. "ಇದು ಪಂಪಿಗೆ ಬೇರೆಯೇ ಇಂಜಿನ್ನಿದ್ದ ಗಾಡಿ ಚಾಚಾ, ಇದರ ಮೇಲೆ ಆ ಭಾರ ಬಿದ್ದೇ ಇಲ್ಲ. ನೋಡಿ, ಸಂಜೆಗೆ ನಿಜಾಮಾಬಾದಿನ ಪಾರ್ಟಿ ಬರುತ್ತಿದೆ. ನಾಳೆ ಅಂಗಡಿ ಬಂದ್. ನಿಮಗೆ ಸೋಮವಾರ ಬೇಕೆಂದರೆ ನಾನು ಏನೂ ಮಾಡಲಾರೆ."

ಮಾಣಿಕಪ್ಪನ ಬೆನ್ನ ಮೇಲೆ ಇರುವೆ ಹರಿದಂತಾಯಿತು. ಸೋಮವಾರದ ಮಾತನ್ನು ಹಿಂದಿಯಲ್ಲಿ ಯಾರೂ ಆಡಿರಲಿಲ್ಲ. ಪಂಪಿನ ಮಾತನ್ನೂ ಆಡಿರಲಿಲ್ಲ.

ಕಾಕತಾಳೀಯ ಇದ್ದೀತು. ಒಬ್ಬ ಒಳ್ಳೆಯ ವ್ಯಾಪಾರಿಗೆ ಗಿರಾಕಿಯ ಪ್ರಶ್ನೆ ಮೊದಲೇ ಗೊತ್ತಿರುತ್ತದೆ. ಆದರೂ ಒಮ್ಮೆ ತೂಗಿ ನೋಡೋಣ ಎಂದು ಮಾಣಿಕಪ್ಪ ಇಂಜಿನ್ನಿನ ಆಯಿಲ್ ಮಟ್ಟ ಅಳೆಯುವ ಕಡ್ಡಿ ಎಳೆದು ನೋಡಿ, ಮರಳಿ ಸೇರಿಸಿ, ಬಹಳ ಬೇಸರದ ಮುಖ ಮಾಡಿದ. "ಫೈರ್ ಗಾಡಿದು ಖರೇ ಇದ್ರ ಆಯಿಲ್ ಕಡ್ಡಿ ಹಿಡಿಕಿ ಕೆಂಪಗ ಇರತೈತಿ ನೋಡು. ಸರಕಾರದ ಗುರ್ತು ಅದು. ಇದರದು ಕರೇದು ಐತಿ. ಅದೊಂದ ಇದ್ದಿದ್ರ ಕಣ್ಣ ಮುಚ್ಚಿ ತೊಗೊಂತಿದ್ದೆ."

ಇಂಥ ಗುರುತು ಭೂಮಿಯ ಮೇಲೆ ಎಲ್ಲೂ ಇಲ್ಲ. ಮಾಣಿಕಪ್ಪ ಅಲ್ಲೇ ನಿಂತು ಹೆತ್ತದ್ದು.

"ಚಹಾ ತರುತ್ತೇನೆ" ಎಂದು ಚಂದ್ರಕಾಂತ ಒಳಗೆ ಹೋದ. ಚಹಾ ಬರಲು ತಡವಾಯಿತು. ಒಳಗಿನಿಂದ ಬಣ್ಣಕ್ಕೆ ಬೆರೆಸುವ ಥಿನ್ನರಿನ ವಾಸನೆ ಬಂತು. ಹುಲಗೇಶ ಇಂಜಿನ್ನಿನ ಸುತ್ತ ಎರಡು ಸಲ ಪ್ರದಕ್ಷಿಣೆ ಹಾಕಿದ. ಕೊನೆಗೆ ಚಂದ್ರಕಾಂತ ಒಂದು ಕೈಯಲ್ಲಿ ಚಹಾದ ತಟ್ಟೆ, ಇನ್ನೊಂದು ಕೈಯಲ್ಲಿ ಅರಿವೆ ಸುತ್ತಿದ ಕಡ್ಡಿ ಹಿಡಿದು ಬಂದ.

"ಅರೇ ಚಾಚಾ, ಮರೆತೇ ಬಿಟ್ಟಿದ್ದೆ. ಇದರ ಅಸಲಿ ಕಡ್ಡಿ ಒಳಗೆ ಜೋಪಾನ ಮಾಡಿದ್ದೆ, ಇಲ್ಲಿ ಕಳ್ಳರ ಕಾಟ. ಅಲ್ಲಿರುವುದು ಬದಲಿ."

ಹಿಡಿಕೆ ಕೆಂಪಗಿತ್ತು. ಚಂದ್ರಕಾಂತನ ಹೆಬ್ಬೆಟ್ಟೂ ಕೆಂಪಗಿತ್ತು.

"ಮಾವಾ! ಕೆಂಪ ಐತಿ! ನೀ ಹೇಳಿದಂಗ!" ಹುಲಗೇಶ ಕೂಗಿಯೇಬಿಟ್ಟ, ಅವನ ಕೈ ಒಳಕಿಸೆಗೆ ಹೋಯಿತು.

ಆ ಗಲ್ಲಿಯಲ್ಲಿ ಒಂದು ಪದ್ಧತಿ. ಬಯಾನಾ ಎಂದು ಮುಂಗಡದ ಒಂದು ನೋಟು ಕೈ ಬದಲಾಯಿಸಿತೋ, ಮಾಲು ಕೊಂಡವನದು. ಚಿನ್ನ ಬರಲಿ, ಬೂದಿ ಬರಲಿ. ಮಾಣಿಕಪ್ಪ ಅಳಿಯನ ಮಣಿಕಟ್ಟನ್ನು ಹಿಡಿದ. ಹಿಡಿದನೇ ಹೊರತು ಏನು ಹೇಳಬೇಕೆಂದು ತಿಳಿಯಲಿಲ್ಲ. ತೆಲುಗಿನಲ್ಲಿ ಹೇಳಿದರೆ ಈ ಊರಿನ ನಾಯಿಗೂ ಅರ್ಥವಾಗುತ್ತದೆ. ಹಿಂದಿ ಸೇಠನ ಅಂಗಡಿಯದೇ ಭಾಷೆ. ಕನ್ನಡದ ಗತಿ ಈಗ ತಾನೇ ಗೊತ್ತಾಗಿತ್ತು. ಜೀವನವಿಡೀ ಬೀಗ ಹಾಕಿ ಇಟ್ಟುಕೊಂಡಿದ್ದ ಖಾನೆಗೆ ಹಿಂಬದಿಯ ಹಲಗೆಯೇ ಇರಲಿಲ್ಲ. ಕೋಠಿಯ ಸೀರೆ ಅಂಗಡಿಯವನು ಯಾಕೆ ಅಷ್ಟು ನಗುತ್ತಿದ್ದ ಎಂಬ ಯೋಚನೆಯೊಂದು ಹಾದುಹೋಯಿತು. ಅದನ್ನು ಅಲ್ಲೇ ತಡೆದ.

ಎದ್ದು ಹೋಗಿಬಿಡಬಹುದಿತ್ತು. ಹೋದರೆ ಸೋಮವಾರ ಗೇಟಿನ ಮುಂದೆ ಬೇರೆ ಟ್ಯಾಂಕರು. ಫೈರ್ ಗಾಡಿಯ ಮಾತು ಸುಳ್ಳು, ಅದು ಖಾತ್ರಿ. ಆದರೆ ತಾನೂ ಎಷ್ಟೋ ಒಳ್ಳೇ ಪಂಪುಗಳನ್ನು ಸುಳ್ಳು ಹೇಳಿಯೇ ಮಾರಿಲ್ಲವೇ? ಗಿರಾಕಿ ಕೇಳುವುದು ಕಥೆಯನ್ನು. ನಿಜ ಹೇಳಿದರೆ ಒಳ್ಳೆಯ ಮಾಲನ್ನೂ ಅನುಮಾನಿಸುತ್ತಾನೆ. ಸುಳ್ಳುಗಾರನ ಅಂಗಡಿಯ ಇಂಜಿನ್ನು ಕೆಟ್ಟದ್ದೇ ಆಗಿರಬೇಕೆಂದಿಲ್ಲ. ಎಲ್ಲಿ ಕೆಟ್ಟಿದೆ ಎನ್ನುವುದಷ್ಟೇ ಪ್ರಶ್ನೆ. ಅದನ್ನು ಇಂಜಿನ್ನು ಹೇಳದಿದ್ದರೆ ಇನ್ನೊಬ್ಬನಿಗೆ ಗೊತ್ತಿದೆ, ಆತ ಎದುರಿಗೇ ನಿಂತು ಚಹಾ ಊದುತ್ತಿದ್ದಾನೆ.

ಹೊಟ್ಟೆ ನೋವೆಂದು ಬಂದವನನ್ನು ಡಾಕ್ಟರರು ಮಲಗಿಸಿ ಅಲ್ಲಿ ಇಲ್ಲಿ ಒತ್ತುತ್ತಾರೆ. ಎಲ್ಲಿ ಮುಖ ಕಿವುಚುತ್ತಾನೋ ಅಲ್ಲಿ ರೋಗ.

"ಸೇಠ್‌ಜಿ, ನಮಗೂ ಒಮ್ಮೆ ಚಾಲೂ ಮಾಡಿ" ಎಂದ ಮಾಣಿಕಪ್ಪ, ಹಿಂದಿಯಲ್ಲಿ. ಇಂಜಿನ್ನು ಎದ್ದಿತು. ಗುಡುಗುಡು ಸದ್ದು ಶೆಡ್ಡಿನ ತಗಡನ್ನೆಲ್ಲ ನಡುಗಿಸಿತು. ಹೊಗೆ ಸ್ವಲ್ಪ ಬಿಳುಪು. ಮಾಣಿಕಪ್ಪ ಅಳಿಯನ ಕಡೆ ಬಾಗಿ, ಆದರೆ ಕಣ್ಣನ್ನು ಚಂದ್ರಕಾಂತನ ಮೇಲಿಟ್ಟು, ಸದ್ದಿನ ಮೇಲೆ ಕೇಳುವಷ್ಟು ಗಟ್ಟಿಯಾಗಿ ಒತ್ತತೊಡಗಿದ.

"ಕ್ರ್ಯಾಂಕು ಸವದಿರಬೇಕು ಅಂತೀನಿ."

ಚಂದ್ರಕಾಂತ ಕಿವಿ ಕೆರೆದುಕೊಂಡ.

"ಇಲ್ಲಾ ಪಿಸ್ಟನ್ ರಿಂಗ್ ಹೋಗ್ಯಾವು. ಆಯಿಲ್ ಮುಚ್ಚಳ ತಗದ್ರ ಹೊಗಿ ಬರತೈತಿ."

ಚಂದ್ರಕಾಂತ ಚಹಾ ಹೀರಿದ. ಹೀರಿ, ತಾನಾಗಿಯೇ ಬಂದು ಆಯಿಲ್ ಮುಚ್ಚಳ ತೆಗೆದು ಪಕ್ಕಕ್ಕಿಟ್ಟ. ಹೊಗೆ ಬರಲಿಲ್ಲ. "ಎಲ್ಲ ತೆರೆದಿಟ್ಟಿದ್ದೇನೆ ಚಾಚಾ, ನೋಡಿಕೊಳ್ಳಿ" ಅಂದ, ದೊಡ್ಡ ಮನಸ್ಸಿನವನಂತೆ.

"ಮತ್ತ ಹೆಡ್ಡು," ಅಂದ ಮಾಣಿಕಪ್ಪ. "ಹೆಡ್ಡು ಸೀಳೈತೇನೋ."

ಬಟ್ಟಲು ತುಟಿಯ ಹತ್ತಿರ ನಿಂತಿತು. ಒಂದು ಕ್ಷಣ ಅಷ್ಟೇ. ಆಮೇಲೆ ಚಂದ್ರಕಾಂತ, "ಡೀಸೆಲ್ ಮುಗಿಯಿತು ಅನಿಸುತ್ತದೆ, ಬಂದ್ ಮಾಡುತ್ತೇನೆ" ಎಂದು ಹೊರಟ. ಇಂಜಿನ್ನಿನ ಕಡೆಗಲ್ಲ, ಇಂಜಿನ್ನಿಗೂ ನೀರಿನ ಡ್ರಮ್ಮಿಗೂ ನಡುವೆ ಹೋಗಿ ನಿಂತ.

"ಹುಲಗೇಶಾ, ಗೋಣಿಚೀಲ ತಗಿ."

"ಅರೇ, ಧೂಳು ಬೀಳುತ್ತದೆ…"

ಹುಲಗೇಶ ಆಗಲೇ ತೆಗೆದಿದ್ದ. ಒಳಗೆ ನೀರು ಅನ್ನದ ಎಸರಿನಂತೆ ಬುಳುಬುಳು ಕುದಿಯುತ್ತಿತ್ತು. ಹಿಂತಿರುಗುವ ಪೈಪಿನಿಂದ ಗುಳ್ಳೆಯ ಮೇಲೆ ಗುಳ್ಳೆ. ಮುಟ್ಟಿದರೆ ನೀರು ಉಗುರು ಬೆಚ್ಚಗಿತ್ತು ಅಷ್ಟೇ. ಕುದಿತ ಬಿಸಿಯದಲ್ಲ, ಸಿಲಿಂಡರಿನ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡು ಸೀಳಿ, ಅದರಿಂದ ನೀರಿಗೆ ನುಗ್ಗುವ ಹೊಗೆಯ ಗಾಳಿಯದು. ಹುಲಗೇಶನಿಗೂ ಅಷ್ಟು ಗೊತ್ತು. ಅವನು ಡ್ರಮ್ಮಿನ ಅಂಚು ಹಿಡಿದು ಹಾಗೇ ನಿಂತ.

ಇಂಜಿನ್ನು ಬಡಿದುಕೊಳ್ಳುತ್ತಲೇ ಇತ್ತು. ಮಾಣಿಕಪ್ಪ ಚಂದ್ರಕಾಂತನ ಕಡೆ ತಿರುಗಿ, ಮದುವೆ ಮನೆಯಲ್ಲಿ ಬೀಗರನ್ನು ಕೇಳುವಷ್ಟು ಮರ್ಯಾದೆಯಿಂದ ಕೇಳಿದ, "ಚಂದ್ರಕಾಂತ ಅವ್ರೇ, ನಿಮ್ಮೂರು ಯಾವುದ್ರಿ?"

ಹುಲಗೇಶ ತಲೆ ಎತ್ತಿದ. ಮಾವ ಸೇಠನ ಜೊತೆ ಕನ್ನಡ ಮಾತಾಡುತ್ತಿದ್ದಾನೆ, ತಲೆ ಕೆಟ್ಟಿತೇ ಅಂದುಕೊಂಡ. ಚಂದ್ರಕಾಂತ ಇಂಜಿನ್ನು ಬಂದ್ ಮಾಡಿದ. ಹೆಬ್ಬೆಟ್ಟಿನ ಕೆಂಪನ್ನು ಪ್ಯಾಂಟಿಗೆ ಉಜ್ಜಿದ. ಬಣ್ಣ ಹೋಗಲಿಲ್ಲ.

"ಆಳಂದ ಕಡೀ ಅದರಿ," ಅಂದ. "ನಮ್ಮವ್ವ ಈಗೂ ಅಲ್ಲೇ ಇರ್ತಾಳ."

"ಯವ್ವಾ!" ಅಂದ ಹುಲಗೇಶ.

"ಮತ್ತ ಕನ್ನಡ ಬರತೈತಿ ಅಂತ ಹೇಳಬಾರದೇನ್ರಿ?"

"ನೀವು ಕೇಳಲಿಲ್ಲಲ್ರಿ? ನಮ್ಮ ಕಡೀ ಮಂದಿ ಭಾಳ ಬರ್ತಾರ. ಹಿಂದ್ಯಾಗ ನನ್ನ ಹೊಗಳ್ತಾರ, ಕನ್ನಡದಾಗ ತಮ್ಮ ಮನಿ ಕಷ್ಟ ಎಲ್ಲಾ ಹೇಳ್ತಾರ. ಪುಕ್ಕಟಿ ಸಿಗೂದು ನಾ ಯಾಕ ಬ್ಯಾಡ ಅನ್ಲಿ?"

ಮಾಣಿಕಪ್ಪನಿಗೆ ಕಪಾಳಕ್ಕೆ ಕೊಡಬೇಕೆನಿಸಿತು. ಜೊತೆಗೆ, ಒಂದು ಒಳ್ಳೆಯ ಕುಸ್ತಿ ಪಟ್ಟು ಕಂಡ ಹಳೆಯ ಪೈಲವಾನನಿಗೆ ಅನಿಸುವಂಥದ್ದೂ ಏನೋ ಅನಿಸಿತು. ಎರಡನ್ನೂ ನುಂಗಿದ. "ಈಗ ಖರೇ ಹೇಳ್ರಿ. ಇದು ಯಾವ ಗಾಡಿದು?"

"ಕೋಳಿ ಗಾಡೀದು."

"ಏನು?"

"ಕೋಳಿ ಸಾಗಸೂ ಲಾರಿದು ಅದರಿ. ಹಾದ್ಯಾಗ ನೀರ ಸೋರಿ ಇಂಜಿನ್ ಕಾಯ್ದದ. ಡ್ರೈವರ್ ನಿಲ್ಲಸಿಲ್ಲ. ನಿಲ್ಲಸಿದ್ರ ಈ ಬಿಸಲಾಗ ಗಾಳಿ ಇಲ್ಲದ ಕೋಳಿ ಸಾಯ್ತಾವಲ್ರಿ. ಕೋಳಿ ಉಳದ್ವು, ಹೆಡ್ಡು ಸೀಳ್ತು. ಕೆಳಗಿಂದು ಎಲ್ಲಾ ಛಲೋ ಅದ. ನಮ್ಮವ್ವನ ಆಣಿ."

ಮಾಣಿಕಪ್ಪ ಆಣೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಆದರೆ ಕೋಳಿಯನ್ನು ಹಿಡಿದ. ಮಾರುವವನು ಸುಳ್ಳು ಹೇಳುವಾಗ ಫೈರ್ ಗಾಡಿ, ಮಿಲಿಟರಿ ಗಾಡಿ, ಡಾಕ್ಟರರ ಗಾಡಿ ಎಂದು ಹೇಳುತ್ತಾನೆ. ಕೋಳಿ ಗಾಡಿ ಎಂದು ಸುಳ್ಳು ಹೇಳಿ ಯಾರೂ ಉದ್ಧಾರವಾಗಿಲ್ಲ.

"ಸಂಪ್ ಬಿಚ್ಚಿ ತೋರಸ್ರಿ," ಅಂದ. ಸಂಪ್ ಎಂದರೆ ಇಂಜಿನ್ನಿನ ತಳದ ಆಯಿಲ್ ತಟ್ಟೆ. ಅದನ್ನು ಇಳಿಸಿದರೆ ಕೆಳಗಿನ ಕರುಳೆಲ್ಲ ಕಾಣುತ್ತದೆ.

"ಸಂಪ್ ಬಿಚ್ಚಿದ್ರ ಸೀಲ್ ಹೋಗ್ತದ್ರಿ."

"ಯಾವ ಸೀಲ್? ಆ ಬದಿಗೆ ಕೆಂಪ ಪೇಸ್ಟ್ ಒಸರೈತಲ್ಲ, ಅದರದಾ? ಕಂಪನಿಯವರು ಕೆಂಪ ಪೇಸ್ಟ್ ಹಚ್ಚೂದಿಲ್ಲ. ನೀವು ಒಮ್ಮಿ ಬಿಚ್ಚೀರಿ, ಇನ್ನೊಮ್ಮಿ ಬಿಚ್ಚರಿ."

ಚಂದ್ರಕಾಂತ ಬೋಲ್ಟು ಬಿಚ್ಚುವ ಪಾನಾ ತಂದ. ಮಾಣಿಕಪ್ಪ ಅಳಿಯನನ್ನು ಪಕ್ಕಕ್ಕೆ ಎಳೆದ. ಎಳೆಯುವುದರಿಂದ ಈಗ ಏನೂ ಪ್ರಯೋಜನವಿರಲಿಲ್ಲ, ಆದರೂ ಎಳೆದ. "ನಿನ್ನ ಹಳೇ ಇಂಜಿನ್ನಿನ ಹೆಡ್ಡು ಹೆಂಗೈತಿ?"

"ಚೊಲೊ ಐತಿ ಮಾವಾ. ರಾಡ್ ಮುರದದ್ದು ಕೆಳಗ. ಮಲ್ಲು ಬಿಚ್ಚಿ ನೋಡ್ಯಾನ, ಮ್ಯಾಲ ಒಂದ ಗೀರಿಲ್ಲ ಅಂದಾನ."

"ಹಂಗಾರ ನಮಗ ಅರ್ಧ ಇಂಜಿನ್ ಸಾಕು. ಕೆಳಗಿಂದು ಚೊಲೊ ಇದ್ರ ನಿನ್ನ ಹೆಡ್ಡು ಇದರ ಮ್ಯಾಲ ಕುಂದ್ರತೈತಿ. ಕೆಳಗಿಂದೂ ಸುಟ್ಟಿದ್ರ…" ಅಷ್ಟು ಕಾದ ಇಂಜಿನ್ನಿನ ಹೊಟ್ಟೆಯೊಳಗೆ ಬೇರಿಂಗು ಕರಗಿದ್ದರೂ ಕರಗಿರಬಹುದು. ಆಗ ಬರಿಗೈಯಲ್ಲಿ ಮನೆ, ಸೋಮವಾರ ಬರಿ ಗೇಟು.

ಆಯಿಲ್ಲನ್ನು ಬೋಗುಣಿಗೆ ಇಳಿಸಿದರು. ಬೋಲ್ಟುಗಳು ಒಂದೊಂದಾಗಿ ಬಂದವು, ಕೊನೆಯದು ಬರಲೊಲ್ಲೆ ಎಂದು ಹಟ ಹಿಡಿಯಿತು. ಹುಲಗೇಶ ಉಗುರು ಕಚ್ಚುತ್ತ ಹಿಂದೆ ಮುಂದೆ ಓಡಾಡಿದ. ಹೊಗೆಗೋ, ಭಯಕ್ಕೋ, ಕಣ್ಣು ಒರೆಸಿಕೊಂಡ. ಮಾಣಿಕಪ್ಪ ಮೂರು ಬೆರಳನ್ನು ಆಯಿಲ್ಲಿನಲ್ಲಿ ಅದ್ದಿ, ಶೆಡ್ಡಿನ ಹೊರಗೆ ಬಿಸಿಲಿಗೆ ಬಂದು, ಬೆರಳಿಗೆ ಬೆರಳು ಉಜ್ಜಿದ. ಬೇರಿಂಗು ಕರಗಿದ್ದರೆ ಎಣ್ಣೆಯಲ್ಲಿ ಬೆಳ್ಳಿಯ ಪುಡಿ ಮಿಂಚುತ್ತದೆ. ಅತ್ತ ವಾಲಿಸಿದ, ಇತ್ತ ವಾಲಿಸಿದ. ಕಪ್ಪು ಎಣ್ಣೆ, ಬರೀ ಕಪ್ಪು. ಕಣ್ಣನ್ನೇ ನಂಬದೆ ಇನ್ನೊಮ್ಮೆ ಅದ್ದಿ ನೋಡಿದ. ಮಿಂಚಲಿಲ್ಲ.

ಒಳಗೆ ಬಂದು ನೆಲಕ್ಕೆ ಮಲಗಿ, ಬ್ಯಾಟರಿಯ ಬೆಳಕು ಬಿಟ್ಟು, ಒಂದೊಂದೇ ರಾಡನ್ನು ಹಿಡಿದು ಮೇಲಕ್ಕೂ ಕೆಳಕ್ಕೂ ಅಲ್ಲಾಡಿಸಿದ. ಯಾವುದೂ ಟಕ್ ಎನ್ನಲಿಲ್ಲ. ಸಿಲಿಂಡರಿನ ಗೋಡೆಯ ಕೆಳಗಿನ ಅಂಚೂ ಗೀರಿಲ್ಲದೆ ಹೊಳೆಯುತ್ತಿತ್ತು. ಅವನು ಬೇಗ ಏಳಲಿಲ್ಲ. ಎದ್ದರೆ ಮುಖದ ಮೇಲಿನ ಸಮಾಧಾನ ಚಂದ್ರಕಾಂತನಿಗೆ ಕಾಣುತ್ತದೆ, ರೇಟು ಏರುತ್ತದೆ. ಅಲ್ಲೇ ಮಲಗಿ ಮುಖವನ್ನು ಬೇಕಾದಷ್ಟು ಹುಳಿ ಮಾಡಿಕೊಂಡು ಎದ್ದ.

"ಅರ್ಧ ಇಂಜಿನ್ ಕೊಡ್ರಿ. ಹೆಡ್ಡು ನಿಮ್ಮದು ನೀವ ಇಟ್ಕೋರಿ."

"ಅದನ್ನ ತೊಗೊಂಡು ನಾ ಏನ್ ಮಾಡ್ಲಿ?"

"ಫೈರ್ ಗಾಡಿದು ಅಂತ ಮಾರ್ರಿ."

ಚೌಕಾಸಿ ಹಿಂದಿಯಲ್ಲಾಗಿದ್ದರೆ ಬೇಗ ಮುಗಿಯುತ್ತಿತ್ತು. ಕನ್ನಡದಲ್ಲಿ ಬಹಳ ಹೊತ್ತು ಹಿಡಿಯಿತು. ನಡುನಡುವೆ ಆಳಂದದ ಮಳೆ, ತೊಗರಿ ಬೆಳೆ, ಚಂದ್ರಕಾಂತನ ತಾಯಿಯ ಮೊಣಕಾಲು ಎಲ್ಲವನ್ನೂ ವಿಚಾರಿಸಬೇಕಾಯಿತು. ಮೊಣಕಾಲು ವಿಚಾರಿಸಿದ ಮೇಲೆ ಗಂಟಲು ಹಿಸುಕುವುದು ಇಬ್ಬರಿಗೂ ಕಷ್ಟವಾಯಿತು. ಕೊನೆಗೆ ಇಬ್ಬರೂ ತಾವು ಮುಳುಗಿದೆವು ಎಂದು ಹೇಳಿ ಕೈ ಕುಲುಕಿದರು. ಹುಲಗೇಶ ಒಳಕಿಸೆಯ ನೋಟು ತೆಗೆದು ಬಯಾನಾ ಕೊಟ್ಟ. ಟೆಂಪೋಗೆ ಇಂಜಿನ್ನು ಏರಿಸುವಾಗ ಅವನು ಅದರ ಪಕ್ಕದಲ್ಲೇ ಹತ್ತಿ ಕೂತ, ಇಳಿ ಅಂದರೂ ಇಳಿಯಲಿಲ್ಲ.

ದಾರಿಯಲ್ಲಿ ಹುಲಗೇಶ ಕೇಳಿದ, "ಮಾವಾ, ಅಂವಗ ಕನ್ನಡ ಬರತೈತಿ ಅಂತ ಗೊತ್ತಾದಕೂಡ್ಲೆ ನನಗ ಯಾಕ ಹೇಳಲಿಲ್ಲ?"

"ಯಾವ ಭಾಷಾದಾಗ ಹೇಳ್ಲೆಪ್ಪಾ?" ಅಂದ ಮಾಣಿಕಪ್ಪ.

ಆದಿತವಾರವೆಲ್ಲ ಮಲ್ಲು ಇಂಜಿನ್ನಿನ ಮೇಲೆ ಬಾಗಿಯೇ ಇದ್ದ. ಹೊತ್ತು ಮುಳುಗುವಾಗ ಅದು ಒಮ್ಮೆ ಕೆಮ್ಮಿ, ಇನ್ನೊಮ್ಮೆ ಕೆಮ್ಮಿ, ಹಿಡಿದುಕೊಂಡಿತು. ಸೋಮವಾರ ಮುಂಜಾನೆ ಮಾಣಿಕಪ್ಪ ಶೆಡ್ಡಿನ ಬಾಗಿಲು ತೆಗೆಯುತ್ತಿದ್ದಾಗ ಹುಲಗೇಶನ ಫೋನು ಬಂತು.

"ಮಾವಾ, ಗೇಟಿನ ಮುಂದ ಅದೀನಿ! ತುಂಬಿದ ಟ್ಯಾಂಕರ್ ಎಳಕೊಂಡು ಬಂತು ಮಾವಾ, ಏರಿನಾಗೂ ಒಮ್ಮೀನೂ ಕಾಯಲಿಲ್ಲ, ಆ ಬ್ಯಾರೆ ಟ್ಯಾಂಕರಿನಾಂವ ನನ್ನ ನೋಡಿ…"

"ನೀ ಬಾಯಿ ಮುಚ್ಚು. ಫೋನ್ ಇಂಜಿನ್ ಕಡೆ ಹಿಡಿ."

ಮಾಣಿಕಪ್ಪ ಒಂದು ಕಿವಿಗೆ ಬೆರಳಿಟ್ಟು, ಇನ್ನೊಂದು ಕಿವಿಗೆ ಫೋನು ಒತ್ತಿಕೊಂಡು, ರಸ್ತೆಯಲ್ಲಿ ಹೋಗುವವರು ನೋಡುತ್ತಿದ್ದರೂ ನೋಡದವನಂತೆ ನಿಂತ. ಸದ್ದು ಒಂದೇ ಸಮನೆ ಬರುತ್ತಿತ್ತು. ಆಮೇಲೆ ಯಾರೋ ತೆಲುಗಿನಲ್ಲಿ ಟ್ಯಾಂಕರು ಒಳಗೆ ಬಿಡಿ ಎಂದು ಕೂಗಿದ್ದು, ಗೇಟಿನ ಗಾಲಿ ಕಿರುಗುಟ್ಟಿದ್ದು ಕೇಳಿಸಿತು.